ಆ ಮಾತನ್ನು ಅವರಿಗೇ ಹೇಳಿ

ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. 'ಕೆಲವು ರಾತ್ರಿ, ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ' ಎಂದು ಬರೆದಿದ್ದೀರಿ. ಇದಕ್ಕೆ ಮುಂದಿನ ಸೆಷನ್‌ವರೆಗೆ ಕಾಯಬೇಡಿ. ಇವತ್ತೇ ನಿಮ್ಮ ಥೆರಪಿಸ್ಟ್‌ಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಬೇರೆ ವೈದ್ಯರಿಗೋ ಸಹಾಯವಾಣಿಗೋ ಮಾಡಿ. ಹತ್ತಿರದವರೊಬ್ಬರಿಗೂ ತಿಳಿಸಿ, ಒಬ್ಬರೇ ಇರಬೇಡಿ.

ಇನ್ನು ಗಡಿಯಾರದ ವಿಷಯ. ಖಿನ್ನತೆಗೆಂದು ಎರಡು ತಿಂಗಳಿಂದ ಈ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೀರಿ. ಕಳೆದ ವಾರ ನೀವು ಅಮ್ಮನ ಸಾವಿನ ಬಗ್ಗೆ ಹೇಳುತ್ತಿದ್ದಾಗ ಅವರು ಗಡಿಯಾರ ನೋಡಿದರು. 'ಇವರಿಗೂ ನಾನು ಭಾರವಾದೆ' ಅನ್ನಿಸಿತು. ಇನ್ನು ಸುಮ್ನೆ ಬಿಟ್ಟುಬಿಡಲಾ, ದುಡ್ಡು ಕೊಟ್ಟು ಪಡೆಯುವ ಕಾಳಜಿ ನಿಜವಾ ಎಂದು ಕೇಳಿದ್ದೀರಿ.

ಬಿಡುವುದೇ ಆದರೂ ಒಂದು ಸಲ ಹೋಗಿ, ಇದನ್ನೇ ಅವರಿಗೆ ಹೇಳಿ. 'ನಾನು ಎಲ್ಲರಿಗೂ ಭಾರ' ಅನ್ನುವುದು ಖಿನ್ನತೆ ಹೇಳಿಕೊಡುವ ಮಾತು. ಹೊರಗೆ ಹಾಗನ್ನಿಸಿದಾಗ ನಾವು ಮೆಲ್ಲಗೆ ದೂರ ಸರಿಯುತ್ತೇವೆ. ಎದುರಿನವರ ಮನಸ್ಸಿನಲ್ಲಿ ಏನಿತ್ತು ಎಂದು ಗೊತ್ತೇ ಆಗುವುದಿಲ್ಲ. ಆ ಕೋಣೆಯಲ್ಲಿ ಮಾತ್ರ ಬಾಯಿಬಿಟ್ಟು ಕೇಳಬಹುದು. ಅವರು ಸಮಯ ಮೀರುತ್ತದೆಂದು ನೋಡಿರಬಹುದು. ನಿಜವಾಗಲೂ ಗಮನ ತಪ್ಪಿರಲೂಬಹುದು, ಅವರೂ ಮನುಷ್ಯರೇ ಅಲ್ವಾ? ಒಳ್ಳೆಯ ಥೆರಪಿಸ್ಟ್ ಆದರೆ ಕೇಳಿಸಿಕೊಳ್ಳುತ್ತಾರೆ, ತಪ್ಪಿದ್ದರೆ ಒಪ್ಪುತ್ತಾರೆ. ಬಿರುಕು ಬಿಟ್ಟದ್ದನ್ನು ಇಬ್ಬರೂ ಕೂತು ಸರಿಪಡಿಸುವುದೂ ಚಿಕಿತ್ಸೆಯೇ.

ಥೆರಪಿಸ್ಟ್ ಜೊತೆಗಿನ ಈ ಸಂಬಂಧಕ್ಕೆ ಮೂರು ಎಳೆಗಳಿವೆ ಎಂದು 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞ ಬರೆದರು. ಎಲ್ಲಿಗೆ ತಲುಪಬೇಕು, ಅದಕ್ಕೆ ಏನು ಮಾಡಬೇಕು ಎಂಬುದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು. ಜೊತೆಗೆ ನಂಬಿಕೆ ಬೇಕು. ನಿಮ್ಮಲ್ಲಿ ಈಗ ಅಲುಗಾಡಿರುವುದು ಮೂರನೆಯದು.

ಅದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಖಿನ್ನತೆಯ ಬಗ್ಗೆ ದೊಡ್ಡ ಅಧ್ಯಯನವೊಂದು ನಡೆದಿತ್ತು. ಎರಡು ಗುಂಪಿಗೆ ಮಾತಿನ ಚಿಕಿತ್ಸೆ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಔಷಧವೇ ಇಲ್ಲದ ಮಾತ್ರೆ. ಸೆಷನ್‌ಗಳ ವಿಡಿಯೊ ನೋಡಿ, ಚಿಕಿತ್ಸೆ ಕೊಡುವವರ ಜೊತೆಗಿನ ಸಂಬಂಧವನ್ನು ಅಳೆದ ಫಲಿತಾಂಶ 1996ರಲ್ಲಿ ಬಂತು. ಅದು ಗಟ್ಟಿಯಿದ್ದವರು ನಾಲ್ಕೂ ಗುಂಪಿನಲ್ಲಿ ಜಾಸ್ತಿ ಸುಧಾರಿಸಿದ್ದರು. ಬೇಗ ಸುಧಾರಿಸಿದವರಿಗೆ ಥೆರಪಿಸ್ಟ್ ಮೇಲೆ ನಂಬಿಕೆ ಬೆಳೆಯುವುದೂ ಇದೆ. ಬೀಜ ಮೊದಲೋ ಮರ ಮೊದಲೋ ಎಂಬ ಪ್ರಶ್ನೆ ಇಲ್ಲೂ ಉಂಟು.

ದುಡ್ಡಿನ ಬಗ್ಗೆ ನನ್ನ ಅನಿಸಿಕೆ ಇಷ್ಟು. ಗೆಳೆಯರ ಹತ್ತಿರ ಕಷ್ಟ ಹೇಳಿಕೊಂಡರೆ ಅವರ ಕಷ್ಟವನ್ನೂ ಕೇಳಬೇಕು. ಅವರಿಗೆ ಬೇಜಾರಾಯಿತೇ ಎಂದು ನೋಡುತ್ತಿರಬೇಕು. ಥೆರಪಿಸ್ಟ್ ಹತ್ತಿರ ಆ ಹೊರೆ ನಿಮ್ಮದಲ್ಲ. ನೀವು ಕೊಡುವ ಫೀಸು ಸಮಯಕ್ಕೆ ಮತ್ತು ಕಲಿತ ವಿದ್ಯೆಗೆ. ಅದರಿಂದಾಗಿ ಕಾಳಜಿ ಸುಳ್ಳಾಗುವುದಿಲ್ಲ.

ಆದರೆ ನೀವು ಹೇಳಿದ ಮೇಲೆ ಅವರು ತಳ್ಳಿಹಾಕಿದರೆ, ನಿಮ್ಮನ್ನೇ ದೂರಿದರೆ, ಬೇರೆಯವರನ್ನು ಹುಡುಕಿ. ಹೊರಗೆ ಭೇಟಿಯಾಗೋಣ ಎಂದರೆ, ಮೈಮುಟ್ಟಿ ಸಲಿಗೆ ತೋರಿದರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಬಿಟ್ಟು ಬನ್ನಿ, ದೂರು ಕೊಡಿ.

ಎದುರು ಕೂತಾಗ ಮಾತು ಹೊರಡದಿದ್ದರೆ, ನಮಗೆ ಬರೆದ ಪತ್ರವನ್ನೇ ಅವರ ಕೈಗೆ ಕೊಡಿ. ಗಡಿಯಾರದ ಪ್ಯಾರಾ ತುಂಬ ಸ್ಪಷ್ಟವಾಗಿದೆ. ಒಂದಕ್ಷರವನ್ನೂ ಬದಲಿಸಬೇಕಿಲ್ಲ.