ಓದುಗರ ಪ್ರಶ್ನೆ: ಐಲ್ಯಾಂಡ್ ಒಳಗೆ ಆ ‘ಎಸ್’ ಎಲ್ಲಿಂದ ಬಂತು?

ಪ್ರಶ್ನೆ: ಮಾಸ್ತರ್ರೆ, ನಮ್ಮ ಮಗಳು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು, ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ. ಕೂರ್ಮಗಡ ದ್ವೀಪದ ಜಾತ್ರೆ ಬಗ್ಗೆ ಹತ್ತು ಸಾಲು ಬರೀರಿ ಅಂದಿದ್ರಂತೆ, ದೋಣಿ, ಸಮುದ್ರ, ಜನ ಎಲ್ಲಾ ಚೆಂದ ಬರೆದಿದ್ಲು, ಆದ್ರೆ ಐಲ್ಯಾಂಡ್‌ಗೆ ಎಸ್ ಹಾಕ್ಲಿಲ್ಲ, ನೈಟ್‌ಗೆ ‘ಎನ್ ಐ ಟಿ ಇ’ ಅಂತ ಬರೆದ್ಲು, ಪೇಜ್ ತುಂಬಾ ಕೆಂಪು ಗೆರೆ. ನಮ್ಮಣ್ಣ ಹಡಗಿನಲ್ಲಿ ಕೆಲಸ ಮಾಡ್ತಾನೆ, ಸ್ಪ್ಯಾನಿಷ್ ಭಾಷೆ ಕನ್ನಡದ ಹಾಗೇ, ಬರೆದದ್ದನ್ನ ಹಾಗೇ ಓದ್ಬಹುದು ಅಂತಾನೆ. ಇಂಗ್ಲಿಷ್ ಮಾತ್ರ ಎಂತಕ್ಕೆ ಹೀಗೆ? ಮಗಳಿಗೆ ಬುದ್ಧಿ ಕಮ್ಮಿ ಅಂತ ಮನೆಯಲ್ಲಿ ಮಾತು ಶುರುವಾಗಿದೆ.
(ಒಬ್ಬ ತಾಯಿ, ಕಾರವಾರ)

ಉತ್ತರ: ಅಮ್ಮಾ, ಮೊದಲು ಆ ಮಾತನ್ನ ಮನೆಯಲ್ಲಿ ನಿಲ್ಲಿಸಿ. ನಿಮ್ಮ ಮಗಳ ಕಿವಿ ಸರಿ ಇದೆ, ಕೇಳಿದ್ದನ್ನ ಕೇಳಿದ ಹಾಗೆ ಬರೆದಿದ್ದಾಳೆ, ನಾಲ್ಕು ವರ್ಷ ಕನ್ನಡ ಶಾಲೆ ಅವಳಿಗೆ ಕಲಿಸಿದ್ದೇ ಅದು.

ಆ ಎಸ್ ಕತೆ ಕೇಳಿ. ಹಿಂದೆ ಇಂಗ್ಲಿಷಿನವರೇ ಅದನ್ನ ಎಸ್ ಇಲ್ಲದೆ ಬರೀತಿದ್ರು. ಆಮೇಲೆ ಲ್ಯಾಟಿನ್ ಓದಿದ ಪಂಡಿತರು ಇದು ದ್ವೀಪಕ್ಕೆ ಲ್ಯಾಟಿನ್ನಿನಲ್ಲಿ ಹೇಳುವ ‘ಇನ್ಸುಲಾ’ದಿಂದ ಬಂದದ್ದು ಅಂತ ತಪ್ಪು ತಿಳಿದು ಮಧ್ಯದಲ್ಲಿ ಒಂದು ಎಸ್ ಸೇರಿಸಿಬಿಟ್ರು, ಆ ಪದಕ್ಕೂ ಇನ್ಸುಲಾಕ್ಕೂ ಸಂಬಂಧವೇ ಇರಲಿಲ್ಲ. ಸಾಲಕ್ಕೆ ಹೇಳುವ ‘ಡೆಟ್’ ಒಳಗಿನ ಬಿ ಕೂಡ ಲ್ಯಾಟಿನ್ ನೋಡಿ ತುರುಕಿದ್ದೇ. ಐನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ಆಗಿದ್ರೆ ನಿಮ್ಮ ಮಗಳು ಬರೆದದ್ದಕ್ಕೆ ಯಾರೂ ಕೆಂಪು ಗೆರೆ ಎಳೀತಿರಲಿಲ್ಲ.

ನೈಟ್ ಕತೆ ಬೇರೆ. ಅದರೊಳಗಿನ ಜಿ ಎಚ್ ಯಾರೂ ತುರುಕಿದ್ದಲ್ಲ, ಒಂದು ಕಾಲದಲ್ಲಿ ಅದನ್ನ ನಿಜಕ್ಕೂ ಗಂಟಲಿನಿಂದ ಹೇಳ್ತಿದ್ರು, ಹತ್ತಿರ ಹತ್ತಿರ ‘ನಿಹ್ತ್’ ಅಂತ. ನಮ್ಮ ಸಂಸ್ಕೃತದ ‘ನಕ್ತ’ ಇದೆಯಲ್ಲ, ರಾತ್ರಿ ಅಂತ, ಎರಡೂ ಒಂದೇ ಬೇರಿನವು. ನೈಫ್ ಮೊದಲಿನ ಕೆ ಕೂಡ ಹಾಗೇ, ‘ಕ್ನೀಫ್’ ಅಂತ ಪೂರ್ತಿ ಹೇಳ್ತಿದ್ರು. ನನಗೆ ಎಲ್ಲಕ್ಕಿಂತ ಇಷ್ಟದ್ದು ‘ನೇಮ್’. ಅದರ ಹಳೇ ಉಚ್ಚಾರ ಸುಮಾರಾಗಿ ‘ನಾಮ’! ಕನ್ನಡ ಶಾಲೆ ಮಕ್ಕಳು ಮೊದಲ ಸಲ ಆ ಸ್ಪೆಲಿಂಗ್ ನೋಡಿ ‘ನಾಮೆ’ ಅಂತ ಓದ್ತಾರೆ, ಕ್ಲಾಸೆಲ್ಲ ನಗ್ತದೆ, ನನಗೆ ಮಾತ್ರ ಆ ಮಗುವಿನ ಬೆನ್ನು ತಟ್ಟಬೇಕು ಅನಿಸ್ತದೆ.

ಹಾಗಾದ್ರೆ ಇದೆಲ್ಲ ಕೆಟ್ಟಿದ್ದು ಯಾವಾಗ ಅಂದ್ರೆ, ಸುಮಾರು 1400ರಿಂದ 1700ರ ಒಳಗೆ ಇಂಗ್ಲಿಷಿನ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬಿಟ್ವು, ನಾಮ ಹೋಗಿ ನೇಮ್ ಆಯ್ತು, ಹೂಸ್ ಹೋಗಿ ಹೌಸ್ ಆಯ್ತು, ಅದರ ನಡುವೆಯೇ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಪ್ರೆಸ್ ಹಾಕಿದ, ಅಚ್ಚಿನಲ್ಲಿ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಹೋಯ್ತು, ನಾಲಿಗೆ ಮಾತ್ರ ಮುಂದೆ ಹೋಗ್ತಾನೇ ಇತ್ತು. ಮತ್ತೆ ಅದನ್ನ ತಿದ್ದುವ ಅಧಿಕಾರ ಇರುವ ಸಂಸ್ಥೆಯೂ ಅಲ್ಲಿ ಹುಟ್ಲಿಲ್ಲ. ಸ್ವರದ ಸದ್ದು ಇಪ್ಪತ್ತರ ಹತ್ತಿರ, ಸ್ವರಾಕ್ಷರ ಐದೇ ಐದು. ನಮಗೆ ಎ ಬೇರೆ, ಏ ಬೇರೆ.

ಸ್ಪ್ಯಾನಿಷ್ ವಿಷಯದಲ್ಲಿ ನಿಮ್ಮಣ್ಣ ಹೇಳಿದ್ದು ಅರ್ಧ ಸರಿ. ಅವರಿಗೆ ಸ್ವರ ಐದೇ, ಅಕ್ಷರವೂ ಐದೇ. ನೆಬ್ರಿಹಾ ಅನ್ನುವ ಪಂಡಿತ 1492ರಲ್ಲಿ ವ್ಯಾಕರಣ ಬರೆದ, 1517ರಲ್ಲಿ ಸ್ಪೆಲಿಂಗ್ ನಿಯಮ ಬರೆದ, ಮಾತಾಡಿದ ಹಾಗೆ ಬರೀಬೇಕು ಅನ್ನೋದೇ ಅವನ ಹಟ. 1713ರಲ್ಲಿ ಸ್ಪ್ಯಾನಿಷ್ ಭಾಷೆಗೇ ಅಂತ ಒಂದು ಅಕಾಡೆಮಿಯೇ ಹುಟ್ಟಿತು, ಅದು ಆಗಾಗ ಸ್ಪೆಲಿಂಗ್ ತಿದ್ದುತ್ತಾ ಬಂತು. ಹಾಗಾಗಿ ಓದೋದು ಸಲೀಸು. ಆದ್ರೆ ಕೇಳಿ ಬರೆಯುವಾಗ ಅಲ್ಲಿಯ ಮಕ್ಕಳೂ ತಪ್ಪುತ್ತಾರೆ. ಎಚ್ ಇದ್ದರೂ ಹೇಳೋದಿಲ್ಲ, ನಮಸ್ಕಾರಕ್ಕೆ ‘ಓಲಾ’ ಅಂತಾರೆ, ಬರೆಯುವಾಗ ಮುಂದೊಂದು ಎಚ್. ಬಿಗೂ ವಿಗೂ ಒಂದೇ ಸದ್ದು. ನಾವು ಚಾವಿ ಅಂತೀವಲ್ಲ, ಪೋರ್ಚುಗೀಸರಿಂದ ಬಂದ ಪದ, ಅದರ ಸ್ಪ್ಯಾನಿಷ್ ನೆಂಟ ‘ಯಾವೆ’, ಅದನ್ನ ಎರಡು ಎಲ್ ಹಾಕಿ ಬರೀತಾರೆ. ನೊಬೆಲ್ ಬಂದ ಸ್ಪ್ಯಾನಿಷ್ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ 1997ರಲ್ಲಿ ಮೆಕ್ಸಿಕೋದ ಸಕಾತೆಕಾಸ್ ಸಮ್ಮೇಳನದಲ್ಲಿ ಎದ್ದು ನಿಂತು ಈ ಎಚ್‌ಗಳನ್ನೆಲ್ಲ ಹೂತುಬಿಡಿ ಅಂದಿದ್ರು, ದೊಡ್ಡ ಗಲಾಟೆಯಾಯ್ತು.

ಕನ್ನಡವೂ ಪೂರ್ತಿ ಬರೆದ ಹಾಗೇ ಅಲ್ಲ. ಅಂಕೋಲಾ, ಮುಂಡಗೋಡ, ಕುಂಬಾರವಾಡಾ ಅಂತ ಮೂರೂ ಹೇಳಿ ನೋಡಿ, ಸೊನ್ನೆ ಒಂದೇ, ಮೂಗಿನ ಸದ್ದು ಮೂರು. ನಿಮ್ಮ ಅಕ್ಕಪಕ್ಕದವರು ಕೊಂಕಣಿಯನ್ನ ಕನ್ನಡ ಅಕ್ಷರದಲ್ಲಿ ಬರೆಯುವಾಗ ಒಂದೇ ಚ ಎರಡು ಉಚ್ಚಾರ ಹೊರ್ತದೆ. ಆದ್ರೆ ಇವಕ್ಕೆ ಒಂದು ಲೆಕ್ಕ ಇದೆ, ಒಮ್ಮೆ ಹಿಡಿದ್ರೆ ಮುಗೀತು.

ಮನೆಯಲ್ಲಿ ಹೀಗೆ ಮಾಡಿ. ಇಪ್ಪತ್ತು ಸಲ ಬರೆಸಬೇಡಿ, ಪದಗಳನ್ನ ಕುಟುಂಬ ಮಾಡಿ ಕೊಡಿ. ನೈಟ್, ಲೈಟ್, ರೈಟ್, ಫೈಟ್ ಒಂದೇ ಮನೆಯವು, ಎಲ್ಲದರಲ್ಲೂ ಅದೇ ಜಿ ಎಚ್. ‘ಸೈನ್’ ಒಳಗಿನ ಜಿ ಕೇಳಿಸೋದಿಲ್ಲ, ‘ಸಿಗ್ನಲ್’ ಅಂದಾಗ ಕೇಳಿಸ್ತದೆ. ‘ಬಾಂಬ್’ ಕೊನೆಯ ಬಿ ಇಂಗ್ಲಿಷಿನವರು ಹೇಳೋದಿಲ್ಲ, ‘ಬಂಬಾರ್ಡ್’ ಅಂದಾಗ ಹೇಳ್ತಾರೆ. ಉಕ್ತಲೇಖನದ ಹಿಂದಿನ ರಾತ್ರಿ ಐದೇ ಪದ, ಒಂದೊಂದಕ್ಕೂ ಒಂದು ಕತೆ, ಸಾಕು. ಶಾಲೆಯ ಅಕ್ಕೋರಿಗೂ ಒಮ್ಮೆ ಹೋಗಿ ಹೇಳಿ, ಹುಡುಗಿ ಕಿವಿಯಿಂದ ಬರೀತಾಳೆ ಅಂತ, ಜಾತ್ರೆ ಬಗ್ಗೆ ಬರೆದ ಹತ್ತು ಸಾಲಿಗೆ ಬೇರೆ ಮಾರ್ಕ್ಸ್ ಕೊಡಿ ಅಂತ.

ಪ್ರಶ್ನೆ: ಹಳೇ ಇಂಗ್ಲಿಷ್ ಪುಸ್ತಕದಲ್ಲಿ ಕುಮಟಾಕ್ಕೆ ‘ಕೂಂಪ್ಟಾ’ ಅಂತ ಓದುವ ಹಾಗೆ ಬರೆದಿದ್ದಾರೆ. ಇದು ನಮ್ಮ ಕುಮಟಾವೇ ಹೌದಾ? (ಓದುಗರು, ಶಿರಸಿ)

ಉತ್ತರ: ಹೌದು, ಅದೇ. ಆ ಬಂದರಿನಿಂದ ಹೋಗ್ತಿದ್ದ ಹತ್ತಿಗೂ ವ್ಯಾಪಾರದಲ್ಲಿ ಅದೇ ಹೆಸರಿತ್ತು. ಕಾರವಾರಕ್ಕೂ ಆಗ ಕೆ ಬದಲು ಸಿ ಹಾಕ್ತಿದ್ರು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಹೆಸರು ಹಿಡಿಯೋದೇ ಕಷ್ಟ, ‘ಕೆ ಎ ಎಲ್ ಐ’ ಅಂದ್ರೆ ನಮ್ಮ ಕಾಳಿ ನದಿಯೂ ಆಗ್ಬಹುದು, ಕಲಿಯೂ ಆಗ್ಬಹುದು, ನದಿ ನೋಡಿದವರಿಗೆ ಮಾತ್ರ ಗೊತ್ತು. ಗೋವಾದ ಬೋರ್ಡುಗಳಲ್ಲಿ ‘ಕ್ಯೂ ಯು ಇ’ ಇಂದ ಶುರುವಾಗುವ ಊರೊಂದು ಕಾಣ್ತದೆ, ನಮ್ಮವರು ಕ್ವೆಪೆಮ್ ಅಂತ ಓದ್ತಾರೆ. ಅದು ಪೋರ್ಚುಗೀಸ್ ಬರವಣಿಗೆ, ಸ್ಪ್ಯಾನಿಷಿನಲ್ಲೂ ಅದೇ ರೂಲ್, ಆ ಮೂರು ಅಕ್ಷರ ಸೇರಿದ್ರೆ ‘ಕೆ’. ಊರಿನ ಹೆಸರು ಕೇಪೆಂ, ಕೊನೆಯ ಎಂ ಬಾಯಿ ಮುಚ್ಚಿ ಹೇಳೋದಲ್ಲ, ಮೂಗಿನಲ್ಲಿ ಬಿಡೋದು.