ಆರೋಗ್ಯ ವಿಮೆಯ ದೂರವಾಣಿ ಮಾರಾಟ: ಮಂಡ್ಯದ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಂಡ್ಯದಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಬಂದು, ಆರೋಗ್ಯ ವಿಮೆ ಮಾರುವ ಕಚೇರಿಯೊಂದರಲ್ಲಿ ಟೆಲಿಕಾಲರ್ ಆಗಿ ದುಡಿಯುತ್ತಿರುವ ಓದುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಹೆಸರು ಬೇಡವೆಂದು ಕೋರಿದ್ದಾರೆ. ಎಲ್ಲಿಂದಲೋ ಕೊಂಡು ತಂದ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಅವರ ಮುಂದೆ ಇಡಲಾಗುತ್ತದೆ. ಬಹುತೇಕರು ಮಾತು ಮುಗಿಯುವ ಮೊದಲೇ ಕರೆ ಕತ್ತರಿಸುತ್ತಾರೆ, ಕೆಲವರು ಬೈಯುತ್ತಾರೆ. ತಿಂಗಳ ಟಾರ್ಗೆಟ್ ಮುಟ್ಟುತ್ತಿಲ್ಲವೆಂದರೆ ಮೇಲಿನವರು ಇನ್ನಷ್ಟು ಕರೆ ಮಾಡಿರೆಂದು ಹೇಳುತ್ತಾರೆ. ಅರ್ಜಿ ತುಂಬುವಾಗ ಬಿ.ಪಿ., ಶುಗರ್ ಪ್ರಶ್ನೆಗಳನ್ನು ಕೆದಕಬೇಡಿ, ಪಾಲಿಸಿ ತಪ್ಪಿಹೋಗುತ್ತದೆ ಎಂಬ ಸೂಚನೆಯೂ ಇದೆಯಂತೆ. "ನನ್ನ ಮಾತಿನಲ್ಲೇ ದೋಷವಿದೆಯೇ? ಏನು ಮಾಡಿದರೆ ಫಲಿತಾಂಶ ಸುಧಾರಿಸೀತು?" ಎಂಬುದು ಅವರ ಪ್ರಶ್ನೆ.

ನಿಮ್ಮ ಮಾತಿನಲ್ಲಿ ದೋಷವಿದೆಯೆಂದು ನನಗೆ ಅನ್ನಿಸುವುದಿಲ್ಲ. ಯಾರ ಮನೆಯಲ್ಲಿ ಈಗಾಗಲೇ ಏನಿದೆ ಎಂಬುದನ್ನು ತಿಳಿಯದೆ ಎಲ್ಲರಿಗೂ ಒಂದೇ ಮಾತನ್ನು ಹೇಳಬೇಕಾಗಿ ಬಂದಿರುವುದೇ ನಿಮ್ಮ ತೊಂದರೆಯ ಮೂಲ. ಆರೋಗ್ಯ ವಿಮೆಯ ಕರೆಯಲ್ಲಿ ಮೊದಲು ಕೇಳಬೇಕು, ಆಮೇಲೆ ಹೇಳಬೇಕು. ಮುಖ್ಯವಾಗಿ ಕೇಳಬೇಕಾದವು ಎರಡು: ಮನೆಯವರಿಗೆ ಈಗ ಯಾವ ರಕ್ಷಣೆ ಇದೆ, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇದೆ. ಇವೆರಡನ್ನೂ ಪ್ರಾಮಾಣಿಕವಾಗಿ ಕೇಳಿದರೆ ಕರೆಗಳ ಸಂಖ್ಯೆ ಕಡಿಮೆಯಾದರೂ ಉಳಿಯುವ ಪಾಲಿಸಿಗಳ ಸಂಖ್ಯೆ ಹೆಚ್ಚುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಪ್ರಶ್ನೆಯನ್ನು ನಮ್ಮ ಜಿಲ್ಲೆಗಳಿಗೆ ಅನ್ವಯಿಸಿ ನೋಡೋಣ. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಹಾಲಿನ ಡೇರಿಗೋ ಕೃಷಿ ಪತ್ತಿನ ಸಂಘಕ್ಕೋ ಸದಸ್ಯರಲ್ಲದ ರೈತ ಕುಟುಂಬಗಳು ಅಪರೂಪ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತುಹೋಗಿ, 2022ರಲ್ಲಿ ಮತ್ತೆ ಚಾಲನೆ ಪಡೆದ ಯಶಸ್ವಿನಿ ಯೋಜನೆಯಲ್ಲಿ ನಾಲ್ವರವರೆಗಿನ ಗ್ರಾಮೀಣ ಕುಟುಂಬ ವರ್ಷಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಬಿ.ಪಿ.ಎಲ್. ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ) ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮೀರದಂತೆ, ಸರ್ಕಾರ ಕೊಡುತ್ತದೆ. ಇಷ್ಟು ಇರುವ ಮನೆಗೆ ಫೋನ್ ಮಾಡಿ "ನಿಮಗೆ ಯಾವ ರಕ್ಷಣೆಯೂ ಇಲ್ಲ" ಎಂಬ ಧಾಟಿಯಲ್ಲಿ ಮಾತು ಶುರು ಮಾಡಿದರೆ ಅವರು ಫೋನ್ ಇಡುವುದು ಸಹಜ. ಅವರಿಗೆ ತಿಳಿದಿರುವುದು ನಿಮಗೆ ತಿಳಿದಿಲ್ಲವೆಂಬುದು ಆ ಕ್ಷಣವೇ ಸ್ಪಷ್ಟವಾಗಿರುತ್ತದೆ.

ಆದ್ದರಿಂದ ಅಂಥವರಿಗೆ ಯಶಸ್ವಿನಿಯನ್ನು ಬಿಡಬೇಡಿರೆಂದು ನೀವೇ ಹೇಳಿ. ಖಾಸಗಿ ಪಾಲಿಸಿಯಿಂದ ಹೆಚ್ಚುವರಿಯಾಗಿ ಸಿಗುವುದೇನು ಎಂಬುದನ್ನಷ್ಟೇ ಆಮೇಲೆ ತಿಳಿಸಿ. ಆರೋಗ್ಯ ಕರ್ನಾಟಕದಲ್ಲಿ ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕಾಗುತ್ತದೆ. ಯೋಜನೆಯ ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ, ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಅದು ಅನ್ವಯಿಸುವುದಿಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗುವ ರೂಢಿ ಇರುವ ಕುಟುಂಬಕ್ಕೆ ಈ ವ್ಯತ್ಯಾಸ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಪ್ರೀಮಿಯಂ ಕಟ್ಟುವ ಶಕ್ತಿಯೇ ಇಲ್ಲದ ಮನೆಯೆಂದು ತಿಳಿದರೆ ಸರ್ಕಾರಿ ಯೋಜನೆಯ ನೋಂದಣಿ ಎಲ್ಲಿ ಆಗುತ್ತದೆಂದು ತಿಳಿಸಿ, ಕರೆಯನ್ನು ಅಲ್ಲಿಗೇ ಮುಗಿಸಿ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ಪರಸ್ಪರ ಮಾತನಾಡಿಕೊಳ್ಳುತ್ತಾರೆ. ಅಂಥ ಒಂದು ಕರೆಯ ಸುದ್ದಿ ಊರಿನಲ್ಲಿ ಉಳಿಯುತ್ತದೆ.

ಹಾಗಾದರೆ ಯಾರಿಗೆ ಕರೆ ಮಾಡಬೇಕು? ಮೈಸೂರಿನ ಹೆಬ್ಬಾಳು, ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಸಂಬಳ 21,000 ರೂಪಾಯಿ ದಾಟಿ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಿಂದ ಹೊರಬಿದ್ದವರಿದ್ದಾರೆ, ಸಂಬಳ ಏರಿದ ಸಂತೋಷದಲ್ಲಿ ಆಸ್ಪತ್ರೆಯ ಸೌಲಭ್ಯ ಹೋದದ್ದು ಅವರ ಗಮನಕ್ಕೆ ಬಂದಿರುವುದಿಲ್ಲ. ಕಂಪನಿಯ ಗ್ರೂಪ್ ಪಾಲಿಸಿಯನ್ನೇ ನಂಬಿಕೊಂಡು ನಿವೃತ್ತಿಯ ಹೊಸ್ತಿಲಲ್ಲಿ ಇರುವವರಿದ್ದಾರೆ. ಅಂಗಡಿ ಇಟ್ಟುಕೊಂಡವರು, ಟ್ಯಾಕ್ಸಿ ಮಾಲೀಕರು, ತಂದೆತಾಯಿಯನ್ನು ಊರಿನಲ್ಲಿ ಬಿಟ್ಟು ನಗರದಲ್ಲಿ ದುಡಿಯುವ ಮಕ್ಕಳಿದ್ದಾರೆ. 18 ಶೇಕಡಾ ತೆರಿಗೆಯ ಹೊರೆಯಿಂದ ಹಿಂದೆ ಸರಿದವರಿಗೆ, ವ್ಯಕ್ತಿಗತ ಹಾಗೂ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ) ಪಾಲಿಸಿಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿರುವ ವಿಷಯ ತಿಳಿಸಬಹುದು. ಈಗಾಗಲೇ ಪಾಲಿಸಿ ಇರುವವರನ್ನು ಕೈಬಿಡಬೇಕಾಗಿಲ್ಲ. ನವೀಕರಣ ಯಾವ ತಿಂಗಳೆಂದು ಕೇಳಿ ಬರೆದಿಟ್ಟುಕೊಳ್ಳಿ. ಪೋರ್ಟ್ ಮಾಡಿದರೆ, ಅಂದರೆ ಬೇರೆ ಕಂಪನಿಗೆ ಬದಲಾಯಿಸಿಕೊಂಡರೆ, ಹಳೆಯ ಪಾಲಿಸಿಯಲ್ಲಿ ಕಳೆದ ಕಾಯುವ ಅವಧಿ (ಕೆಲವು ಕಾಯಿಲೆಗಳಿಗೆ ಕ್ಲೈಮ್ ಸಿಗದ ಆರಂಭದ ಕಾಲ) ವ್ಯರ್ಥವಾಗುವುದಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಕರೆಯ ಮೊದಲ ಅರ್ಧ ನಿಮಿಷದಲ್ಲಿ ಏನು ಹೇಳಬೇಕೆಂದೂ ಕೇಳಿದ್ದೀರಿ. ನಿಮ್ಮ ಪತ್ರದೊಂದಿಗೆ ಕಳುಹಿಸಿದ ಸ್ಕ್ರಿಪ್ಟ್‌ನಲ್ಲಿ ಕಂಪನಿಯ ಹೆಗ್ಗಳಿಕೆಯೇ ನಾಲ್ಕು ವಾಕ್ಯವಿದೆ. ಅಷ್ಟರಲ್ಲಿ ಕೇಳುವವರ ತಾಳ್ಮೆ ಮುಗಿದಿರುತ್ತದೆ. ಇಷ್ಟು ಸಾಕು: "ನಮಸ್ಕಾರ ಸಾರ್, ಮೈಸೂರಿಂದ ಮಾತಾಡ್ತಿದ್ದೀನಿ, ನನ್ನ ಹೆಸರು ಇಂಥದ್ದು, ಇಂಥ ವಿಮಾ ಕಂಪನಿ ಕಡೆಯಿಂದ. ಆರೋಗ್ಯ ವಿಮೆ ವಿಚಾರ. ಈಗ ಎರಡು ನಿಮಿಷ ಮಾತಾಡಬಹುದಾ, ಇಲ್ಲ ಬೇರೆ ಹೊತ್ತಲ್ಲಿ ಮಾಡ್ಲಾ?" ಬೇಡವೆಂದರೆ ಧನ್ಯವಾದ ಹೇಳಿ, ಆ ಸಂಖ್ಯೆಯನ್ನು ಪಟ್ಟಿಯಿಂದ ತೆಗೆಸಿ. ಸರಿಯೆಂದರೆ ಮುಂದಿನ ಮಾತು ಪ್ರಶ್ನೆಯಾಗಿರಲಿ: "ಮನೇಲಿ ಈಗ ಯಶಸ್ವಿನಿ, ಇ.ಎಸ್.ಐ., ಕಂಪನಿ ಇನ್ಶೂರೆನ್ಸ್, ಇಂಥದ್ದು ಏನಾದ್ರೂ ಇದ್ಯಾ?" ಈ ಪ್ರಶ್ನೆಗೆ ಜನ ಉತ್ತರ ಕೊಡುತ್ತಾರೆ, ಏಕೆಂದರೆ ಅದು ಅವರ ಮನೆಯ ವಿಷಯ. ಮೊದಲ ಕರೆಯಲ್ಲೇ ಪಾಲಿಸಿ ಮಾರಲು ಹೊರಡಬೇಡಿ. ಎರಡನೆಯ ಬಾರಿ ಮಾತನಾಡಲು ಅನುಮತಿ ಸಿಕ್ಕಿತೆಂದರೆ ಆ ಕರೆ ಫಲಿಸಿತೆಂದೇ ಲೆಕ್ಕ.

ಹೊತ್ತಿನ ವಿಚಾರದಲ್ಲಿ ಕಚೇರಿಯ ಅನುಕೂಲಕ್ಕಿಂತ ಕೇಳುವವರ ಅನುಕೂಲ ನೋಡಬೇಕು. ಬೆಳಿಗ್ಗೆ ಹಾಗೂ ಸಂಜೆ ಹಾಲು ಹಾಕುವ ಸಮಯದಲ್ಲಿ ಹಳ್ಳಿಗೆ ಫೋನ್ ಮಾಡುವುದು ವ್ಯರ್ಥ. ಅಂಗಡಿಯವರಿಗೆ ಸಂಜೆಯ ವ್ಯಾಪಾರದ ವೇಳೆ ತೊಂದರೆ ಕೊಡಬೇಡಿ.

ಇನ್ನೊಂದು ಅಡ್ಡಿ ಇದೆ, ಅದಕ್ಕೆ ನೀವು ಕಾರಣರಲ್ಲ. ಓ.ಟಿ.ಪಿ. ಕೇಳಿ ಖಾತೆ ಬರಿದು ಮಾಡುವವರ, "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರ ಕಾಟದಿಂದಾಗಿ ಅಪರಿಚಿತ ಸಂಖ್ಯೆಯ ಪ್ರತಿ ಕರೆಯನ್ನೂ ಜನ ಅನುಮಾನದಿಂದ ನೋಡುತ್ತಾರೆ. ಆ ಅನುಮಾನ ನ್ಯಾಯವಾದದ್ದು, ಅದನ್ನು ಗೌರವಿಸಿ. ಫೋನಿನಲ್ಲಿ ಆಧಾರ್ ಸಂಖ್ಯೆ, ಕಾರ್ಡಿನ ವಿವರ, ಓ.ಟಿ.ಪಿ. ಯಾವುದನ್ನೂ ಕೇಳುವುದಿಲ್ಲವೆಂದು ನೀವಾಗಿಯೇ ಹೇಳಿ. ಕಚೇರಿಯ ವಿಳಾಸ ಕೊಡಿ, ಮೈಸೂರಿಗೆ ಬಂದಾಗ ಮಗನನ್ನೋ ಅಳಿಯನನ್ನೋ ಕರೆದುಕೊಂಡು ಬನ್ನಿರೆಂದು ಆಹ್ವಾನಿಸಿ. ಹಣವನ್ನು ವಿಮಾ ಕಂಪನಿಯ ಹೆಸರಿಗೇ ಚೆಕ್ಕಿನಲ್ಲಿ ಅಥವಾ ಕಂಪನಿಯ ಜಾಲತಾಣದಲ್ಲಿಯೇ ಕಟ್ಟಲು ಹೇಳಿ. "ಕ್ಲೈಮ್ ಕೊಡೋದೇ ಇಲ್ಲ" ಎನ್ನುವವರ ಜೊತೆ ವಾದ ಬೇಡ. ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವ) ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಸಮಯದ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ ಐ.ಆರ್.ಡಿ.ಎ.ಐ. 2024ರ ಮೇ ತಿಂಗಳ ಸುತ್ತೋಲೆಯಲ್ಲಿ ವಿಧಿಸಿದೆ. ನ್ಯಾಯ ಸಿಗದಿದ್ದರೆ ಅದರ ಸಹಾಯವಾಣಿ 155255ಕ್ಕೆ ದೂರು ಕೊಡಬಹುದು, ಬೆಂಗಳೂರಿನಲ್ಲಿ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಒಂಬುಡ್ಸ್‌ಮನ್ ಕಚೇರಿಯೂ ಇದೆ. ಇಷ್ಟನ್ನು ತಿಳಿಸಿ ಸುಮ್ಮನಾಗಿ.

ಈಗ ಬಿ.ಪಿ., ಶುಗರ್ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ಕಳವಳಕ್ಕೆ ಈಡುಮಾಡಿದ್ದು ಈ ಸೂಚನೆಯೇ. ದಯವಿಟ್ಟು ಅದನ್ನು ಪಾಲಿಸಬೇಡಿ. ಅರ್ಜಿಯಲ್ಲಿ "ಇಲ್ಲ" ಎಂದು ತುಂಬಿದವರು ನೀವಾದರೂ ಅದರ ಹೊಣೆ ಬೀಳುವುದು ಸಹಿ ಮಾಡಿದ ಗ್ರಾಹಕರ ಮೇಲೆ. ಎರಡು ವರ್ಷದ ನಂತರ ಅವರು ಎದೆನೋವೆಂದು ಆಸ್ಪತ್ರೆ ಸೇರಿದಾಗ ವೈದ್ಯರು ಕೇಳುತ್ತಾರೆ, ರೋಗಿಯೇ ಉತ್ತರ ಕೊಡುತ್ತಾರೆ, "ಎಂಟು ವರ್ಷದಿಂದ ಸಕ್ಕರೆ ಕಾಯಿಲೆ" ಎಂದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಆ ಒಂದು ಸಾಲು ಅರ್ಜಿಯ ಜೊತೆ ತಾಳೆಯಾಗದಿದ್ದರೆ ಕ್ಲೈಮ್ ತಿರಸ್ಕೃತವಾಗುವುದಷ್ಟೇ ಅಲ್ಲ, ಪಾಲಿಸಿಯೇ ರದ್ದಾಗಬಹುದು. ಕಾಯಿಲೆ ಮುಚ್ಚಿಟ್ಟದ್ದನ್ನು ವಿಮಾ ಕಂಪನಿ ಪ್ರಶ್ನಿಸದಂತೆ ತಡೆಯುವ ಮೊರಾಟೋರಿಯಂ ಅನ್ವಯವಾಗುವುದು ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ. ಅಲ್ಲಿಯೂ ವಂಚನೆ ಸಾಬೀತಾದರೆ ರಕ್ಷಣೆಯಿಲ್ಲ.

ಸತ್ಯ ಹೇಳಿದರೆ ಆಗುವ ನಷ್ಟ ಜನ ಹೆದರುವಷ್ಟು ದೊಡ್ಡದಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರ ನಿಯಮದಂತೆ ಗರಿಷ್ಠ ಮೂರು ವರ್ಷ. ಹಿಂದೆ ನಾಲ್ಕು ವರ್ಷವಿತ್ತು. ಪ್ರೀಮಿಯಂ ಸ್ವಲ್ಪ ಏರಬಹುದು, ಕೆಲವೊಮ್ಮೆ ಅರ್ಜಿಯೇ ತಿರಸ್ಕೃತವಾಗಬಹುದು. ಹಾಗಿದ್ದರೂ ಆ ಉತ್ತರ ಇಂದು ಬರುವುದು ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಬರುವುದಕ್ಕಿಂತ ಮೇಲು.

ಕೇಳುವ ಕ್ರಮವೂ ಮುಖ್ಯ. "ಮನೇಲಿ ಯಾರಿಗಾದ್ರೂ ಕಾಯಿಲೆ ಇದ್ಯಾ?" ಎಂದರೆ "ಇಲ್ಲ" ಎಂದೇ ಉತ್ತರ ಬರುತ್ತದೆ. ಮಾತ್ರೆಯಿಂದ ಹತೋಟಿಯಲ್ಲಿರುವ ಬಿ.ಪಿ.ಯನ್ನು ನಮ್ಮ ಜನ ಕಾಯಿಲೆಯೆಂದು ಎಣಿಸುವುದಿಲ್ಲ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಬದಲಿಗೆ "ದಿನಾ ತಗೊಳ್ಳೋ ಮಾತ್ರೆ ಯಾವುದಾದ್ರೂ ಇದ್ಯಾ? ತಿಂಡಿಗೆ ಮುಂಚೆ ಒಂದು, ರಾತ್ರಿ ಒಂದು, ಹಂಗೆ?" ಎಂದು ಕೇಳಿ. ಹೌದೆಂದರೆ ಮಾತ್ರೆಯ ಶೀಟು ತಂದು ಹೆಸರು ಓದಿಸಿ, ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ. ಆಮೇಲೆ ಆಪರೇಷನ್, ಸ್ಟೆಂಟ್, ಥೈರಾಯ್ಡ್, ಆಸ್ಪತ್ರೆಯಲ್ಲಿ ಅಡ್ಮಿಟ್ ಆದದ್ದು, ಒಂದೊಂದನ್ನೂ ಬೇರೆ ಬೇರೆಯಾಗಿ, ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಕೇಳಿ. ಇದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಶ್ರದ್ಧೆಯಿಂದ ಕೇಳಿದವರನ್ನು ಗ್ರಾಹಕರು ಮರೆಯುವುದಿಲ್ಲ.

ಪಾಲಿಸಿ ಕೈಸೇರಿದ ವಾರದಲ್ಲಿ ಇನ್ನೊಂದು ಕರೆ ಮಾಡಿ, ಅರ್ಜಿಯಲ್ಲಿ ಬರೆದಿರುವ ಕಾಯಿಲೆಯ ವಿವರವನ್ನೂ ರೂಮ್ ಬಾಡಿಗೆಯ ಮಿತಿ, ಕೋ-ಪೇ (ಬಿಲ್ಲಿನಲ್ಲಿ ಗ್ರಾಹಕರೇ ಭರಿಸಬೇಕಾದ ಪಾಲು) ಇದ್ದರೆ ಅದನ್ನೂ ಓದಿ ಹೇಳಿ. ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂತಿರುಗಿಸುವ ಹಕ್ಕಿದೆಯೆಂದೂ ತಿಳಿಸಿ. ಕೆಲವರು ಹಿಂತಿರುಗಿಸಬಹುದು, ಉಳಿದವರು ಮುಂದಿನ ವರ್ಷ ನವೀಕರಿಸುತ್ತಾರೆ, ತಮ್ಮ ಬೀಗರ ಸಂಖ್ಯೆಯನ್ನೂ ಕೊಡುತ್ತಾರೆ. ಮೈಸೂರು, ಮಂಡ್ಯದಂಥ ಊರುಗಳಲ್ಲಿ ಪರಿಚಯದ ಮೂಲಕ ಬಂದ ಸಂಖ್ಯೆಗೆ ಮಾಡಿದ ಕರೆಯನ್ನು ಯಾರೂ ಅರ್ಧಕ್ಕೆ ಕತ್ತರಿಸುವುದಿಲ್ಲ.

ಕೊಂಡು ತಂದ ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ. 1909 ಸಂಖ್ಯೆಯ ಮೂಲಕ ಡಿ.ಎನ್.ಡಿ. (ಮಾರಾಟದ ಕರೆ ಬೇಡವೆಂಬ ಕೋರಿಕೆ) ನೋಂದಾಯಿಸಿ ಇಂಥ ಕರೆಗಳನ್ನು ನಿರ್ಬಂಧಿಸಿದವರಿಗೆ, ಅವರ ಒಪ್ಪಿಗೆಯಿಲ್ಲದೆ, ಮಾರಾಟದ ಕರೆ ಮಾಡುವುದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2018ರ ನಿಯಮಾವಳಿಗೆ ವಿರುದ್ಧ. ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನು ನಿಗದಿಪಡಿಸಲಾಗಿದೆ. ನಿಮ್ಮ ಸ್ವಂತ ಸಿಮ್‌ನಿಂದ ಕರೆ ಮಾಡಿರೆಂದು ಕಚೇರಿ ಹೇಳಿದರೆ ಒಪ್ಪಬೇಡಿ. 2025ರ ತಿದ್ದುಪಡಿಯ ಪ್ರಕಾರ ನೋಂದಾಯಿಸಿಕೊಳ್ಳದ ಸಂಖ್ಯೆಯ ವಿರುದ್ಧ ಹತ್ತು ದಿನದಲ್ಲಿ ಐದು ದೂರು ಬಂದರೂ ಕ್ರಮ ಶುರುವಾಗುತ್ತದೆ, ಅದರ ಪೆಟ್ಟು ಬೀಳುವುದು ನಿಮ್ಮ ಸಂಖ್ಯೆಗೆ. ಕಚೇರಿಗೆ ವಿಮೆ ಮಾರುವ ಪರವಾನಗಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಮೇಲಿನವರನ್ನು ಒಪ್ಪಿಸುವುದು ಹೇಗೆಂಬುದಕ್ಕೆ ನನಗೆ ತೋಚುವ ದಾರಿ ಇಷ್ಟು. ಕಳೆದ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಎಷ್ಟು ನವೀಕರಣಗೊಂಡವು, ಎಷ್ಟು ಮಧ್ಯದಲ್ಲೇ ನಿಂತವು, ಎಷ್ಟು ಕ್ಲೈಮ್ ತಿರಸ್ಕೃತವಾದವು ಎಂಬ ಲೆಕ್ಕವನ್ನು ಕಚೇರಿಯ ಕಡತದಿಂದಲೇ ತೆಗೆದು ಅವರ ಮುಂದಿಡಿ. ಮೂರು ತಿಂಗಳ ಮಟ್ಟಿಗೆ ನಿಮ್ಮ ಟಾರ್ಗೆಟ್ಟನ್ನು ಕರೆಗಳ ಲೆಕ್ಕದಲ್ಲಿ ಅಳೆಯದೆ, ಪೂರ್ತಿ ವಿವರ ತುಂಬಿದ ಅರ್ಜಿಗಳು ಹಾಗೂ ಗ್ರಾಹಕರೇ ಕೊಟ್ಟ ಹೊಸ ಸಂಖ್ಯೆಗಳ ಲೆಕ್ಕದಲ್ಲಿ ಅಳೆಯಿರೆಂದು ಕೇಳಿ. ಅದಕ್ಕೂ ಒಪ್ಪದೆ, ಕಾಯಿಲೆ ಮುಚ್ಚಿಡಲೇಬೇಕೆಂದು ಒತ್ತಾಯಿಸಿದರೆ ಬೇರೆ ಕಚೇರಿ ನೋಡಿಕೊಳ್ಳಿ. ಇಷ್ಟು ಕಾಲ ಈ ಕೆಲಸ ಮಾಡಿ, ಸರಿಯಾದ ಪ್ರಶ್ನೆಯನ್ನು ತಾವಾಗಿಯೇ ಎತ್ತಿರುವ ನಿಮ್ಮಂಥವರ ಅಗತ್ಯ ಮೈಸೂರಿನಲ್ಲಿ ನ್ಯಾಯವಾಗಿ ನಡೆಯುವ ಏಜೆನ್ಸಿಗಳಿಗೆ ಇದ್ದೇ ಇದೆ.