ಕಂಟ್ರೋಲರ್ ಹಿಡಿದು ದಂಡು ನಡೆಸುವುದು

ಪ್ರಶ್ನೆ: ಹಲವು ವರ್ಷಗಳಿಂದ ಕಂಪ್ಯೂಟರಿನಲ್ಲಿ, ಮೌಸ್ ಮತ್ತು ಕೀಬೋರ್ಡ್ ಬಳಸಿ ರಿಯಲ್ ಟೈಮ್ ಸ್ಟ್ರಾಟೆಜಿ ಆಟಗಳನ್ನು, ಅಂದರೆ ಸರದಿಗೆ ಕಾಯದೆ ನೆಲೆ ಕಟ್ಟಿ ಸೈನ್ಯ ನಡೆಸುವ ಆಟಗಳನ್ನು, ಆಡಿದವನು ನಾನು. ಈಚೆಗೆ ಎಕ್ಸ್‌ಬಾಕ್ಸ್‌ನಲ್ಲಿ ‘ಹೇಲೋ ವಾರ್ಸ್’ ಆರಂಭಿಸಿದ್ದೇನೆ. ಮೊದಲೆರಡು ದಿನ ಯಾರೋ ಕೈ ಕಟ್ಟಿಹಾಕಿದಂತೆ ಆಯಿತು. ಇಂಥ ಆಟ ಕನ್ಸೋಲಿಗೆ ಒಗ್ಗುವುದೇ ಇಲ್ಲವೇ, ಇಲ್ಲ ನನ್ನ ಅಭ್ಯಾಸವೇ ಅಡ್ಡ ಬರುತ್ತಿದೆಯೇ?

ಉತ್ತರ: ನಿಮ್ಮ ಅಭ್ಯಾಸವೇ ಹೆಚ್ಚು ಅಡ್ಡ ಬರುತ್ತಿದೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ನನಗೂ ಮೊದಲ ನಾಲ್ಕೈದು ಗಂಟೆಗಳಲ್ಲಿ ಹೀಗೆಯೇ ಆಗಿತ್ತು. 1997ರಲ್ಲಿ ‘ಏಜ್ ಆಫ್ ಎಂಪೈರ್ಸ್’ ರೂಪಿಸಿದ ಎನ್ಸೆಂಬಲ್ ಸ್ಟುಡಿಯೋಸ್ ಸಂಸ್ಥೆಯೇ 2009ರಲ್ಲಿ ಈ ಆಟವನ್ನು ಎಕ್ಸ್‌ಬಾಕ್ಸ್ 360ಕ್ಕಾಗಿ ತಯಾರಿಸಿತು. 2000ದಲ್ಲಿ ‘ಸ್ಟಾರ್‌ಕ್ರಾಫ್ಟ್’ ನಿಂಟೆಂಡೊ 64 ಕನ್ಸೋಲಿಗೆ ಬಂದಾಗ, ಮೌಸ್‌ಗೆಂದೇ ಹುಟ್ಟಿದ ಆಟವೊಂದನ್ನು ಕಂಟ್ರೋಲರಿನೊಳಗೆ ತುರುಕಬೇಕಾಗಿತ್ತು. ಇಲ್ಲಿ ಹಾಗಲ್ಲ. ಎರಡು ಹೆಬ್ಬೆರಳು ಮತ್ತು ಕೆಲವು ಬಟನ್‌ಗಳಿಂದ ಏನನ್ನು ಚೆನ್ನಾಗಿ ಮಾಡಬಹುದು ಎಂಬುದನ್ನು ಮೊದಲು ಯೋಚಿಸಿ, ಉಳಿದದ್ದನ್ನು ಧೈರ್ಯವಾಗಿ ಕೈಬಿಟ್ಟಿದ್ದಾರೆ.

ಏನೇನನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಗಮನಿಸಿದರೆ ಆಟದ ಸ್ವಭಾವ ತಿಳಿಯುತ್ತದೆ. ಮರ ಕಡಿಯುವ, ಚಿನ್ನ ಅಗೆಯುವ ಕೆಲಸಗಾರರು ಇಲ್ಲಿಲ್ಲ. ಮನುಷ್ಯರ ಪಡೆಯನ್ನು ಆಡುವಾಗ ಸಪ್ಲೈ ಪ್ಯಾಡ್ ಎಂಬ ಕಟ್ಟಡವೊಂದನ್ನು ಕಟ್ಟಿದರೆ ಸಾಮಗ್ರಿ ತಾನಾಗಿಯೇ ಬರುತ್ತಿರುತ್ತದೆ. ಕಟ್ಟಡಗಳನ್ನು ಬೇಕೆಂದ ಕಡೆ ಕಟ್ಟುವಂತಿಲ್ಲ, ನೆಲೆಯ ಸುತ್ತ ಗೊತ್ತುಪಡಿಸಿದ ಕೆಲವೇ ಜಾಗಗಳಲ್ಲಿ ಕಟ್ಟಬೇಕು. ಆ ಜಾಗದ ಮೇಲೆ ಬಟನ್ ಒತ್ತಿದರೆ ವೃತ್ತಾಕಾರದ ಮೆನು ತೆರೆದುಕೊಳ್ಳುತ್ತದೆ, ಸ್ಟಿಕ್ಕನ್ನು ಒಂದು ದಿಕ್ಕಿಗೆ ವಾಲಿಸಿದರೆ ಆಯ್ಕೆ ಮುಗಿಯುತ್ತದೆ. ನಾಲ್ಕನೆಯ ದಿನದ ಹೊತ್ತಿಗೆ ಮೆನುವಿನತ್ತ ನೋಡದೆಯೇ ನನ್ನ ಹೆಬ್ಬೆರಳು ಸರಿಯಾದ ದಿಕ್ಕಿಗೆ ಹೋಗುತ್ತಿತ್ತು.

ಹಾಗೆಂದು ಕೊರತೆಯೇ ಇಲ್ಲವೆಂದು ಹೇಳಲಾರೆ. ಪಡೆಯನ್ನು ಒಡೆದು ಎರಡು ಕಡೆ ಕಳಿಸುವ ಕೆಲಸದಲ್ಲಿ ಮೌಸ್‌ಗೆ ಸಾಟಿಯಿಲ್ಲ. ಕಂಟ್ರೋಲರಿನ ಮೇಲಂಚಿನ ಎರಡು ಬಟನ್‌ಗಳಾದ ಬಂಪರ್‌ಗಳಲ್ಲಿ ಎಡ ಬಂಪರ್ ಒತ್ತಿದರೆ ನಕ್ಷೆಯಲ್ಲಿರುವ ನಿಮ್ಮ ಪಡೆಯೆಲ್ಲವೂ, ಬಲ ಬಂಪರ್ ಒತ್ತಿದರೆ ಪರದೆಯ ಮೇಲೆ ಕಾಣುವಷ್ಟೂ ಆಯ್ಕೆಯಾಗುತ್ತದೆ. ‘ಎ’ ಬಟನ್ನನ್ನು ಒತ್ತಿಹಿಡಿದು ಬಣ್ಣ ಬಳಿಯುವಂತೆ ಸರಿಸಿದರೆ ಅದರಡಿ ಬಂದವರು ಸೇರಿಕೊಳ್ಳುತ್ತಾರೆ. ಒಮ್ಮೆ ಸೇತುವೆಯೊಂದರ ಬಳಿ ಕಾಲಾಳುಗಳನ್ನು ಮಾತ್ರ ಹಿಂದಕ್ಕೆ ಕರೆಯಲು ಹೀಗೆ ಬಳಿಯುತ್ತಿದ್ದಾಗ, ಅವರ ನಡುವೆ ನಿಂತಿದ್ದ ಎರಡು ವಾರ್ಥಾಗ್ ವಾಹನಗಳೂ ಸೇರಿಕೊಂಡು ಹಿಂದಿರುಗಿದವು. ಅವು ಕಾಯುತ್ತಿದ್ದ ದಾರಿ ತೆರೆಯಿತು, ಶತ್ರು ನೇರವಾಗಿ ನೆಲೆಗೆ ನುಗ್ಗಿದ. ಬಲ ಬಂಪರಿನ ಕೆಳಗಿರುವ ಬಲ ಟ್ರಿಗರ್ ಒತ್ತಿದರೆ ಆಯ್ಕೆಯಾದ ಗುಂಪಿನೊಳಗೆ ಒಂದೊಂದೇ ಬಗೆಯ ಪಡೆಯನ್ನು ಬೇರ್ಪಡಿಸಬಹುದು ಎಂಬುದನ್ನು ಆ ಸೋಲಿನ ನಂತರವೇ ನಾನು ಕಲಿತದ್ದು. ನೀವು ಇಂದೇ ಕಲಿಯಿರಿ: ಮೊದಲು ಬಲ ಬಂಪರ್, ಬಳಿಕ ಬಲ ಟ್ರಿಗರ್, ಆಮೇಲೆ ಆಜ್ಞೆ. ಈ ಮೂರು ಒತ್ತುಗಳು ಒಂದೇ ಉಸಿರಿನಲ್ಲಿ ಬರುವಷ್ಟು ಅಭ್ಯಾಸವಾದರೆ ಕೈ ಕಟ್ಟಿದ ಭಾವನೆ ಬಹುಮಟ್ಟಿಗೆ ಹೋಗುತ್ತದೆ.

ಪ್ರಶ್ನೆ: ಸ್ಕರ್ಮಿಶ್ ಪಂದ್ಯಗಳಲ್ಲಿ (ಕಥೆಯಿಲ್ಲದ ಬಿಡಿ ಕಾದಾಟಗಳಲ್ಲಿ) ನನ್ನ ಸೈನ್ಯ ಎದುರಾಳಿಯಷ್ಟೇ ದೊಡ್ಡದಾಗಿದ್ದರೂ ಸೋಲುತ್ತಿದ್ದೇನೆ. ಟ್ಯಾಂಕುಗಳೆಂದರೆ ನನಗೆ ಇಷ್ಟ, ಹೆಚ್ಚಾಗಿ ಅವನ್ನೇ ಕಟ್ಟುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ನಿಮ್ಮ ಪ್ರಶ್ನೆಯ ಎರಡನೆಯ ವಾಕ್ಯದಲ್ಲೇ ಇದೆ. ಈ ಆಟದಲ್ಲಿ ವಾಹನಗಳು ಕಾಲಾಳುಗಳನ್ನು ಹೊಸಕಿಹಾಕುತ್ತವೆ, ಕಾಲಾಳುಗಳು ವಿಮಾನಗಳನ್ನು ಉರುಳಿಸುತ್ತಾರೆ, ವಿಮಾನಗಳು ವಾಹನಗಳನ್ನು ಸುಡುತ್ತವೆ. ನೀವು ಟ್ಯಾಂಕುಗಳನ್ನೇ ಕಟ್ಟುತ್ತೀರೆಂದು ಎದುರಾಳಿಗೆ ಗೊತ್ತಾದ ಗಳಿಗೆಯಲ್ಲಿ ಅವನು ವಿಮಾನಗಳತ್ತ ಹೊರಳುತ್ತಾನೆ, ಆಮೇಲೆ ನಿಮ್ಮ ಸಂಖ್ಯೆ ನಿಮ್ಮನ್ನು ಕಾಯುವುದಿಲ್ಲ. ಜೊತೆಗೆ ಸೈನ್ಯದ ಗಾತ್ರಕ್ಕೂ ಮಿತಿಯಿದೆ. ಭಾರಿ ಪಡೆಗಳು ಆ ಮಿತಿಯಲ್ಲಿ ಹೆಚ್ಚು ಪಾಲು ತಿನ್ನುವುದರಿಂದ ಬೇಡದ ಟ್ಯಾಂಕೊಂದು ಬೇಕಾದ ಪಡೆಯ ಜಾಗವನ್ನು ಕಬಳಿಸಿ ಕೂತಿರುತ್ತದೆ.

ಆದ್ದರಿಂದ ಮೊದಲ ಕೆಲವು ನಿಮಿಷಗಳಲ್ಲಿ ವಾರ್ಥಾಗ್ ಒಂದನ್ನು ಹೊರಗೆ ಕಳಿಸಿ, ಎದುರಾಳಿಯ ನೆಲೆಯಲ್ಲಿ ಯಾವ ಕಟ್ಟಡ ಏಳುತ್ತಿದೆ ಎಂಬುದನ್ನು ನೋಡಿಕೊಂಡು ಬರಲು ಬಿಡಿ. ಆ ವಾಹನ ಹಿಂದಿರುಗದಿದ್ದರೂ ನಷ್ಟವಿಲ್ಲ. ಅಲ್ಲಿ ಕಂಡದ್ದಕ್ಕೆ ತಕ್ಕಂತೆ ನಿಮ್ಮ ಖಾಲಿ ಜಾಗಗಳಲ್ಲಿ ಏನನ್ನು ಕಟ್ಟಬೇಕೆಂದು ನಿರ್ಧರಿಸಿ. ಜಾಗಗಳು ಕಡಿಮೆ ಇರುವುದರಿಂದಲೇ ಈ ನಿರ್ಧಾರಕ್ಕೆ ತೂಕ ಬಂದಿದೆ: ಇನ್ನೊಂದು ಸಪ್ಲೈ ಪ್ಯಾಡ್ ಕಟ್ಟಿದರೆ ಸೈನ್ಯ ತಡವಾಗುತ್ತದೆ, ರಿಯಾಕ್ಟರ್ ಕಟ್ಟದಿದ್ದರೆ ಮೇಲಿನ ಹಂತದ ಪಡೆಗಳು ಸಿಗುವುದಿಲ್ಲ. ಆಟದ ನಿಜವಾದ ಸೊಗಸು ನನಗೆ ಸಿಕ್ಕಿದ್ದು ಈ ತೂಗಾಟದಲ್ಲೇ ಹೊರತು ಗುಂಡಿನ ಸದ್ದಿನಲ್ಲಲ್ಲ.

ಇನ್ನೊಂದು ಮಾತು. ಹೊಸಬರು ಸೋಲುತ್ತಿರುವ ಕಾದಾಟದಿಂದ ಹಿಂದೆ ಸರಿಯುವುದೇ ಇಲ್ಲ. ಅರ್ಧ ಪಡೆ ಉಳಿದಿರುವಾಗಲೇ ನೆಲೆಯತ್ತ ಓಡಿಸಿ. ಅಲ್ಲಿ ಗೋಪುರಗಳ ಬೆಂಬಲವೂ, ಹೊಸದಾಗಿ ಹೊರಬರುವ ಪಡೆಗಳ ಬೆಂಬಲವೂ ಸಿಗುತ್ತದೆ.

ಪ್ರಶ್ನೆ: ಮನುಷ್ಯರ ಪಕ್ಷದ ಮೂವರು ನಾಯಕರಲ್ಲಿ ಆರಂಭಿಕರಿಗೆ ಯಾರು ಒಳ್ಳೆಯವರು?

ಉತ್ತರ: ಕ್ಯಾಪ್ಟನ್ ಕಟರ್. ಅವನ ನೆಲೆ ಮೊದಲಿನಿಂದಲೇ ಒಂದು ಹಂತ ಮೇಲಿರುತ್ತದೆ, ಹಾಗಾಗಿ ಆರಂಭದ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಸಾರ್ಜೆಂಟ್ ಫೋರ್ಜ್‌ಗೆ ದೊಡ್ಡ ಸಪ್ಲೈ ಪ್ಯಾಡ್‌ಗಳು ನೇರವಾಗಿ ಸಿಗುತ್ತವೆ. ಪ್ರೊಫೆಸರ್ ಆಂಡರ್ಸ್‌ಗೆ ಸಂಶೋಧನೆ ಅಗ್ಗವೂ ಹೌದು, ಬೇಗವೂ ಮುಗಿಯುತ್ತದೆ. ಯಾವ ಸಂಶೋಧನೆ ಯಾವಾಗ ಬೇಕು ಎಂಬುದು ಗೊತ್ತಿರುವವರಿಗೆ ಮಾತ್ರ ಆಂಡರ್ಸ್ ಲಾಭ, ಆದ್ದರಿಂದ ಅವಳನ್ನು ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಕಥಾಭಾಗವನ್ನು ಬಿಟ್ಟು ನೇರವಾಗಿ ಬೇರೆಯವರೊಡನೆ ಆಡಬಹುದೇ? ನಾನೂ ನನ್ನ ತಂಗಿಯೂ ಒಂದೇ ಟಿವಿಯಲ್ಲಿ ಜೊತೆಯಾಗಿ ಆಡಬೇಕೆಂದಿದ್ದೇವೆ.

ಉತ್ತರ: ಒಂದೇ ಟಿವಿಯ ಪರದೆಯನ್ನು ಇಬ್ಬರಿಗೆ ಹಂಚುವ ಸೌಲಭ್ಯ ಈ ಆಟದಲ್ಲಿಲ್ಲ, ಇದು ನನಗೂ ಬೇಸರದ ವಿಷಯ. ಎರಡು ಕನ್ಸೋಲುಗಳಿದ್ದರೆ ಇಡೀ ಕಥಾಭಾಗವನ್ನು ಇಬ್ಬರೂ ಕೂಡಿ ಆಡಬಹುದು. ಎದುರಾಳಿಗಳಾಗಿ ಆಡುವಾಗ ಆರು ಮಂದಿಯವರೆಗೆ ಸೇರಬಹುದು.

ಕಥಾಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹದಿನೈದು ಅಧ್ಯಾಯಗಳಿವೆ. ಕಥೆ 2531ರಲ್ಲಿ, ಹಾರ್ವೆಸ್ಟ್ ಎಂಬ ಗ್ರಹದಲ್ಲಿ ಆರಂಭವಾಗುತ್ತದೆ. ಹಿಮ ಮುಚ್ಚಿದ ನೆಲದ ಮೇಲೆ ಫೋರ್ಜ್ ಕೆಲವೇ ವಾಹನಗಳೊಡನೆ ಹೊರಟು, ಚದುರಿಹೋದ ಸೈನಿಕರನ್ನು ಒಟ್ಟುಗೂಡಿಸಿಕೊಳ್ಳುತ್ತಾನೆ. ಚಲಿಸುವುದು, ಆಯ್ಕೆ ಮಾಡುವುದು, ದಾಳಿ ಮಾಡುವುದು ಇಷ್ಟನ್ನೇ ಮೊದಲು ಕಲಿಸಿ, ನೆಲೆ ಕಟ್ಟುವ ಹೊರೆಯನ್ನು ಅದರ ನಂತರ ಹೊರಿಸುತ್ತಾರೆ. ತಂಗಿಗೆ ಇಂಥ ಆಟಗಳ ಪರಿಚಯವಿಲ್ಲದಿದ್ದರೆ ಕಂಟ್ರೋಲರನ್ನು ಮೊದಲು ಅವಳ ಕೈಗೇ ಕೊಟ್ಟು, ನೀವು ಪಕ್ಕದಲ್ಲಿ ಕೂತು ಪರದೆಯ ಮೂಲೆಯ ಪುಟ್ಟ ನಕ್ಷೆಯ ಮೇಲೆ ಕಣ್ಣಿಡಿ. ಕೆಂಪು ಚುಕ್ಕೆಗಳು ಯಾವ ಕಡೆಯಿಂದ ಬರುತ್ತಿವೆ ಎಂದು ಹೇಳುವವರೊಬ್ಬರು ಪಕ್ಕದಲ್ಲಿದ್ದರೆ, ಎರಡನೆಯ ಕನ್ಸೋಲ್ ಇಲ್ಲದೆಯೂ ಇಬ್ಬರೂ ಕೂಡಿಯೇ ಆಡಿದಂತಾಗುತ್ತದೆ.